ಓದುವ ಬರೆಯುವ ಪರೀಕ್ಷೆಗೆ ವಿದ್ಯಾರ್ಥಿಯ ಸಿದ್ಧತೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳನ್ನೂ ಪಾಲಕರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸ)



ಮಠವು ಪ್ರಸಾದಕ್ಕೂ ವಿದ್ಯೆಗೂ ಒಂದೇ ನೆಲೆಯಾಗಿರುವುದು ಈ ನಾಡಿನಲ್ಲಿ ಹೊಸ ಸಂಗತಿಯಲ್ಲ. ಹಸಿದು ಬಂದ ಬಾಲಕನಿಗೆ ಅನ್ನವನ್ನಿಕ್ಕುವುದೂ, ಉಂಡ ಬಾಲಕನಿಗೆ ಅಕ್ಷರವನ್ನು ಕಲಿಸುವುದೂ ದಾಸೋಹದ ಎರಡು ಮುಖಗಳು. ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಸ್ಥಾಪಿತವಾಯಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಒಟ್ಟುಗೂಡಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಆರಂಭಿಸಿದರು. ೧೯೧೭ರಲ್ಲಿ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆಯು ತೆರೆಯಿತು. ಈ ಕಾರ್ಯಗಳನ್ನು ಕೈಕೊಂಡ ಹಿರಿಯರ ಕಣ್ಣ ಮುಂದೆ ಇದ್ದುದು ಒಂದೇ ಚಿತ್ರ: ಬುದ್ಧಿಯಿದ್ದೂ ಪರೀಕ್ಷೆಯೆಂಬ ಬಾಗಿಲಿನ ಹೊರಗೆ ನಿಂತು ಹಿಂದಿರುಗುವ ರೈತನ ಮಗನ ಚಿತ್ರ. ಬಾಗಿಲುಗಳು ಕಾಲಕ್ಕೆ ತಕ್ಕಂತೆ ಬದಲಾಗುವುವು. ಹೊರಗೆ ನಿಂತವನ ಸಂಕಟವು ಮಾತ್ರ ಬದಲಾಗುವುದಿಲ್ಲ.

ಈಗಿನ ಕಾಲದಲ್ಲಿ ಅಂತಹ ಬಾಗಿಲುಗಳಲ್ಲಿ ಒಂದಕ್ಕೆ ಐ.ಇ.ಎಲ್.ಟಿ.ಎಸ್. ಎಂದು ಹೆಸರು. ಜನರು ಅಕ್ಷರಗಳನ್ನು ಕೂಡಿಸಿ ಐಯೆಲ್ಟ್ಸ್ ಎನ್ನುವರು. ೧೯೮೯ರಲ್ಲಿ ಆರಂಭವಾದ ಈ ಪರೀಕ್ಷೆಯು, ಇಂಗ್ಲೀಷು ಮಾತೃಭಾಷೆಯಲ್ಲದವರು ಆ ಭಾಷೆಯಲ್ಲಿ ಎಷ್ಟರಮಟ್ಟಿಗೆ ವ್ಯವಹರಿಸಬಲ್ಲರೆಂಬುದನ್ನು ಅಳೆಯುವುದು. ಇಂಗ್ಲೆಂಡ್, ಆಸ್ಟ್ರೇಲಿಯ, ಕೆನಡಾ ಮೊದಲಾದ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದಬಯಸುವವರೂ, ಅಲ್ಲಿನ ಆಸ್ಪತ್ರೆಗಳಲ್ಲಿ ದಾದಿಯರಾಗಿ ಸೇವೆ ಸಲ್ಲಿಸಬಯಸುವವರೂ ಸಾಮಾನ್ಯವಾಗಿ ಇದನ್ನಾಗಲಿ ಇದರಂತಹ ಮತ್ತೊಂದನ್ನಾಗಲಿ ದಾಟಬೇಕಾಗುವುದು. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ಇದಕ್ಕೆ ನಾಲ್ಕು ಅಂಗಗಳು. ಪ್ರತಿ ಅಂಗಕ್ಕೂ ೯ರವರೆಗಿನ ಶ್ರೇಣಿಯುಂಟು. ಈ ದಿನದ ವಿಚಾರವು ಓದುವ ಮತ್ತು ಬರೆಯುವ ಎರಡು ಅಂಗಗಳಿಗೆ ಸೇರಿದುದು. ಅದರಲ್ಲಿಯೂ ಉಚ್ಚ ವಿದ್ಯಾಭ್ಯಾಸಕ್ಕಾಗಿ ಹೋಗುವವರಿಗೆ ಏರ್ಪಡಿಸಿರುವ ಶಾಖೆಗೆ ಸೇರಿದುದು.

ಈ ಎರಡು ಅಂಗಗಳಲ್ಲಿ ಬರವಣಿಗೆಯೇ ಅನೇಕರನ್ನು ತಡೆಯತಕ್ಕದ್ದು. ಬ್ರಿಟನ್ನಿನಲ್ಲಿ ದಾದಿಯರ ಹೆಸರನ್ನು ದಾಖಲೆ ಮಾಡಿಕೊಳ್ಳುವ ಮಂಡಲಿಯು ಮೊದಲು ನಾಲ್ಕು ಅಂಗಗಳಲ್ಲಿಯೂ ೭ನ್ನು ಕೇಳುತ್ತಿದ್ದಿತು. ೨೦೧೮ರಲ್ಲಿ ಬರವಣಿಗೆಗೆ ಮಾತ್ರ ಅದನ್ನು ೬.೫ಕ್ಕೆ ಇಳಿಸಿತು. ಪರೀಕ್ಷೆಯ ಶುಲ್ಕವು ಹಲವು ಸಾವಿರ ರೂಪಾಯಿಗಳು. ಪಡೆದ ಶ್ರೇಣಿಯು ಸಾಮಾನ್ಯವಾಗಿ ಎರಡು ವರ್ಷಗಳವರೆಗೆ ಮಾತ್ರ ಗ್ರಾಹ್ಯವು. ಮಗಳನ್ನು ದಾದಿಯ ವಿದ್ಯೆಗೆ ಹಾಕಿದ ತಂದೆಯು ಹೊಲದ ಮೇಲೆ ಸಾಲವೆತ್ತಿರುವಾಗ, ಅರ್ಧ ಅಂಕದ ಕೊರತೆಯು ಒಂದು ಮನೆಯ ಒಂದು ವರ್ಷದ ನೆಮ್ಮದಿಯನ್ನೇ ಕಸಿದುಕೊಳ್ಳಬಲ್ಲುದು. ಆದುದರಿಂದ ಇದು ಹುಡುಗರ ಆಟದ ಮಾತಲ್ಲ.

ಇಲ್ಲಿ ಹಿರಿಯರಲ್ಲಿ ಕೆಲವರಿಗೆ ಒಂದು ಆಕ್ಷೇಪವು ತೋರಬಹುದು. ಧರ್ಮೋಪದೇಶಕ್ಕೆ ಮೀಸಲಾದ ಮಠದ ಸಭೆಯಲ್ಲಿ ಪರದೇಶಕ್ಕೆ ಹೋಗುವ ಇಂಗ್ಲೀಷು ಪರೀಕ್ಷೆಯ ಚರ್ಚೆಯೇಕೆ? ಹನ್ನೆರಡನೆಯ ಶತಮಾನದಲ್ಲಿ ಶರಣರು ಜನರ ನುಡಿಯಾದ ಕನ್ನಡವನ್ನೇ ಅನುಭಾವದ ವಾಹನವನ್ನಾಗಿ ಮಾಡಿದರಲ್ಲವೇ? ಆಕ್ಷೇಪವು ಯೋಗ್ಯವಾದುದೇ. ಆದರೆ ಶರಣರು ಕಾಯಕವನ್ನು ಎತ್ತಿ ಹಿಡಿದವರು. ದೂರದ ಆಸ್ಪತ್ರೆಯಲ್ಲಿ ರೋಗಿಯ ಶುಶ್ರೂಷೆ ಮಾಡುವುದು ಕಾಯಕವು. ಆ ಕಾಯಕಕ್ಕೆ ಆ ದೇಶದ ಭಾಷೆಯು ಉಪಕರಣವು. ವೈದ್ಯನು ಬರೆದ ಔಷಧದ ಪ್ರಮಾಣವನ್ನು ತಪ್ಪಾಗಿ ಓದಿದ ದಾದಿಯಿಂದ ರೋಗಿಯ ಪ್ರಾಣಕ್ಕೇ ಅಪಾಯವುಂಟು. ಅದಲ್ಲದೆ ಮತ್ತೊಂದು ಕಾರಣವೂ ಇರುವುದು. ಈ ಪರೀಕ್ಷೆಯ ಎರಡು ಅಂಗಗಳಿಗೆ ಬೇಕಾದ ಸಿದ್ಧತೆಯು, ಪಾಠಶಾಲೆಗಳಲ್ಲಿ ತಲೆತಲಾಂತರದಿಂದ ನಡೆದು ಬಂದ ಗ್ರಂಥಾಧ್ಯಯನದ ಕ್ರಮಕ್ಕೆ ಅನ್ಯವಾದುದಲ್ಲ. ಪರೀಕ್ಷೆಯ ಭಾಷೆಯು ಪರಕೀಯವಾದರೂ ಅದು ಬೇಡುವ ಬುದ್ಧಿಸಂಸ್ಕಾರವು ಈ ಮಣ್ಣಿನಲ್ಲಿಯೇ ಇರುವುದು. ಆ ಸಂಸ್ಕಾರವನ್ನು ಎರಡು ಮಾತುಗಳಲ್ಲಿ ಹೇಳಬಹುದು: ಗ್ರಂಥವು ಹೇಳಿದುದನ್ನು ಮಾತ್ರ ತಿಳಿಯಬೇಕು, ಪ್ರಶ್ನೆಯು ಕೇಳಿದುದಕ್ಕೆ ಮಾತ್ರ ಉತ್ತರ ಕೊಡಬೇಕು. ಮುಂದೆ ಬರುವುದೆಲ್ಲವೂ ಈ ಎರಡು ಮಾತುಗಳ ವ್ಯಾಖ್ಯಾನವು.

ಮೊದಲು ಓದುವ ಅಂಗವನ್ನು ವಿಚಾರಿಸತಕ್ಕದ್ದು. ೬೦ ನಿಮಿಷಗಳಲ್ಲಿ ಮೂರು ಗದ್ಯಭಾಗಗಳನ್ನು ಓದಿ ೪೦ ಪ್ರಶ್ನೆಗಳಿಗೆ ಉತ್ತರವನ್ನು ಕೊಡಬೇಕು. ಮೂರೂ ಸೇರಿ ಸುಮಾರು ೨೧೫೦ರಿಂದ ೨೭೫೦ ಪದಗಳಷ್ಟು ಇರುವುವು. ತಪ್ಪು ಉತ್ತರಕ್ಕೆ ಅಂಕವನ್ನು ಕಳೆಯುವ ಪದ್ಧತಿಯಿಲ್ಲ. ಆದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ೪೦ರಲ್ಲಿ ಸುಮಾರು ೨೩ ಸರಿಯಾದರೆ ೬ರ ಶ್ರೇಣಿಯೂ, ಸುಮಾರು ೩೦ ಸರಿಯಾದರೆ ೭ರ ಶ್ರೇಣಿಯೂ ದೊರೆಯುವುದು. ಎಂದರೆ ಹತ್ತು ಪ್ರಶ್ನೆಗಳು ತಪ್ಪಿದರೂ ೭ನ್ನು ಪಡೆಯಬಹುದು. ಇದನ್ನರಿಯದ ವಿದ್ಯಾರ್ಥಿಯು ಒಂದು ಕಠಿಣ ಪ್ರಶ್ನೆಯ ಮುಂದೆ ಐದಾರು ನಿಮಿಷ ಕುಳಿತು, ಸುಲಭವಾದ ಮೂರು ಪ್ರಶ್ನೆಗಳಿಗೆ ಸಮಯವನ್ನು ಕಳೆದುಕೊಳ್ಳುವನು.

ಗದ್ಯಭಾಗದ ವಾಕ್ಯಗಳು ದೀರ್ಘವಾಗಿರುವುವು. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ತುದಿಯಲ್ಲಿ ನಿಲ್ಲುವುದಷ್ಟೆ. ಇಂಗ್ಲೀಷಿನಲ್ಲಿ ಅದು ಕರ್ತೃಪದದ ನಂತರ, ನಡುವೆಯೇ ಬರುವುದು. ಕೆಲವು ವೇಳೆ ಕರ್ತೃವಿಗೂ ಕ್ರಿಯೆಗೂ ನಡುವೆ ವಿಶೇಷಣವಾಕ್ಯಗಳು ಸೇರಿಕೊಂಡು ಓದುವವನನ್ನು ದಾರಿ ತಪ್ಪಿಸುವುವು. ಇಂತಹ ಕಡೆಯಲ್ಲಿ ಪಾಠಶಾಲೆಯ ಖಂಡಾನ್ವಯದ ಕ್ರಮವು ಬಹಳ ಉಪಯುಕ್ತವು. ಶ್ಲೋಕವನ್ನು ಬಿಡಿಸುವ ವಿದ್ಯಾರ್ಥಿಯು ಮೊದಲು ಕ್ರಿಯಾಪದವನ್ನು ಹಿಡಿದು, ಬಳಿಕ ಯಾರು, ಯಾವುದನ್ನು, ಯಾವುದರಿಂದ, ಎಲ್ಲಿ, ಎಂತಹವನು ಎಂದು ಪ್ರಶ್ನೆ ಮಾಡುತ್ತ ಪ್ರತಿಯೊಂದು ಪದವನ್ನೂ ಅದರ ಸ್ಥಾನಕ್ಕೆ ತರುವನು. ಇಂಗ್ಲೀಷು ವಾಕ್ಯಕ್ಕೂ ಇದೇ ಪ್ರಶ್ನೆಗಳನ್ನು ಹಾಕತಕ್ಕದ್ದು. ‘ಅದು’, ‘ಅವರು’, ‘ಇದು’ ಎಂಬ ಸರ್ವನಾಮಗಳು ಬಂದಲ್ಲೆಲ್ಲ ಅವು ಯಾವ ನಾಮಪದವನ್ನು ಸೂಚಿಸುವುವೆಂದು ನಿಂತು ನೋಡತಕ್ಕದ್ದು. ಒಂದು ತಿಂಗಳು ಹೀಗೆ ಮಾಡಿದವನಿಗೆ ಮುಂದೆ ನಿಲ್ಲುವ ಆವಶ್ಯಕತೆಯೇ ಇರುವುದಿಲ್ಲ. ಕಣ್ಣು ತಾನಾಗಿಯೇ ಅನ್ವಯವನ್ನು ಮಾಡಿಕೊಳ್ಳುವುದು.

ಓದುವ ಅಂಗದಲ್ಲಿ ಅತ್ಯಂತ ಹೆಚ್ಚು ಮಂದಿ ಎಡವುವ ಪ್ರಶ್ನೆಯ ಜಾತಿಯೊಂದುಂಟು. ಕೆಲವು ವಾಕ್ಯಗಳನ್ನು ಕೊಟ್ಟು, ಗದ್ಯಭಾಗದ ಪ್ರಕಾರ ಇದು ನಿಜವೋ, ಸುಳ್ಳೋ, ಅಥವಾ ಆ ವಿಷಯವು ಅಲ್ಲಿ ಹೇಳಲ್ಪಟ್ಟಿಲ್ಲವೋ ಎಂದು ಕೇಳುವರು. ಕನ್ನಡದಲ್ಲಿಯೇ ಒಂದು ಉದಾಹರಣೆಯನ್ನು ನೋಡಬಹುದು. ಗದ್ಯಭಾಗವು ಹೀಗಿರಲಿ: ‘ಹಿಂದೆ ಪ್ರತಿ ಬೇಸಿಗೆಯಲ್ಲಿಯೂ ಊರಿನ ರೈತರು ಕೆರೆಯ ಹೂಳನ್ನು ತೆಗೆದು ತಮ್ಮ ಹೊಲಗಳಿಗೆ ಹಾಕುತ್ತಿದ್ದರು. ಕಾಲುವೆಯ ನೀರು ಬಂದ ಮೇಲೆ ಈ ರೂಢಿಯು ಕ್ರಮೇಣ ನಿಂತುಹೋಯಿತು.’ ಪ್ರಶ್ನೆಯ ವಾಕ್ಯಗಳು ಇಂತಿರಲಿ. ಮೊದಲನೆಯದು, ರೈತರು ಹೂಳನ್ನು ಉಪಯೋಗಿಸುತ್ತಿದ್ದರು, ಇದು ನಿಜ. ಎರಡನೆಯದು, ಕಾಲುವೆ ಬಂದ ಮೇಲೆ ಹೂಳು ತೆಗೆಯುವ ಕೆಲಸವು ಹೆಚ್ಚಿತು. ಇದು ಸುಳ್ಳು, ಏಕೆಂದರೆ ಗದ್ಯಭಾಗವು ಇದಕ್ಕೆ ವಿರುದ್ಧವಾದುದನ್ನು ಸ್ಪಷ್ಟವಾಗಿ ಹೇಳಿರುವುದು. ಮೂರನೆಯದು, ಹೂಳು ಹಾಕಿದುದರಿಂದ ಬೆಳೆಯು ಹೆಚ್ಚಾಗುತ್ತಿದ್ದಿತು, ಇದಕ್ಕೆ ಉತ್ತರವೇನು?

ರೈತನ ಮಗನಾದ ವಿದ್ಯಾರ್ಥಿಯು ಮೂರನೆಯದಕ್ಕೆ ಕೂಡಲೇ ‘ನಿಜ’ ಎಂದು ಬರೆಯುವನು. ಕೆರೆಯ ಗೋಡು ಭೂಮಿಗೆ ಬಲವೆಂಬುದು ಅವನ ಅಜ್ಜನ ಕಾಲದಿಂದ ಬಂದ ಅನುಭವವಷ್ಟೆ. ಅನುಭವವು ನಿಜವೇ, ಆದರೆ ಗದ್ಯಭಾಗದಲ್ಲಿ ಬೆಳೆಯ ಪ್ರಸ್ತಾಪವೇ ಇಲ್ಲ. ಆದುದರಿಂದ ‘ಹೇಳಲ್ಪಟ್ಟಿಲ್ಲ’ ಎಂಬುದೇ ಉತ್ತರವು. ಇಲ್ಲಿ ವಿದ್ಯಾರ್ಥಿಯನ್ನು ಸೋಲಿಸಿದುದು ಅವನ ಅಜ್ಞಾನವಲ್ಲ, ಅವನ ಜ್ಞಾನವು. ತನಗೆ ಗೊತ್ತಿರುವುದನ್ನು ಗ್ರಂಥದ ಬಾಯಲ್ಲಿ ಹಾಕುವುದು ಪಂಡಿತರಲ್ಲಿಯೂ ಕಾಣುವ ದೋಷವು. ಸುಳ್ಳೆನ್ನಬೇಕಾದರೆ ಗ್ರಂಥದಲ್ಲಿ ವಿರೋಧವಾಕ್ಯವಿರಬೇಕು. ನಿಜವೆನ್ನಬೇಕಾದರೆ ಸಮರ್ಥನೆಯ ವಾಕ್ಯವಿರಬೇಕು. ಎರಡೂ ಇಲ್ಲದಿದ್ದಾಗ ಮೌನವನ್ನು ಮೌನವೆಂದೇ ಗುರುತಿಸಬೇಕು. ಪ್ರತಿ ಉತ್ತರಕ್ಕೂ ಆಧಾರವಾದ ವಾಕ್ಯದ ಮೇಲೆ ಬೆರಳಿಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡತಕ್ಕದ್ದು. ಬೆರಳಿಡಲು ಸ್ಥಳವಿಲ್ಲವಾದರೆ ಅದು ಓದುವವನ ಊಹೆಯೇ ಹೊರತು ಗ್ರಂಥದ ಮಾತಲ್ಲ.

ಇದರೊಡನೆ ಅವಧಾರಣೆಯ ಪದಗಳನ್ನು ಗಮನಿಸತಕ್ಕದ್ದು. ‘ಶಿಷ್ಯನು ಬಂದನು’ ಎಂಬುದಕ್ಕೂ ‘ಶಿಷ್ಯನೇ ಬಂದನು’ ಎಂಬುದಕ್ಕೂ ಒಂದು ಏಕಾರದಿಂದ ಅರ್ಥವು ಬೇರೆಯಾಗುವುದನ್ನು ವ್ಯಾಕರಣವನ್ನು ಕಲಿತವರೆಲ್ಲರೂ ಬಲ್ಲರು. ಅದರಂತೆಯೇ ಇಂಗ್ಲೀಷಿನಲ್ಲಿ ‘ಕೆಲವು’, ‘ಬಹುತೇಕ’, ‘ಮಾತ್ರ’, ‘ಯಾವಾಗಲೂ’, ‘ಬಹುಶಃ’ ಎಂಬರ್ಥದ ಸಣ್ಣ ಪದಗಳು ಉತ್ತರವನ್ನೇ ತಿರುಗಿಸಬಲ್ಲುವು.

ಇನ್ನೊಂದು ಜಾತಿಯ ಪ್ರಶ್ನೆಯಲ್ಲಿ ಪ್ರತಿ ಪರಿಚ್ಛೇದಕ್ಕೂ ತಕ್ಕ ಶಿರೋನಾಮವನ್ನು ಪಟ್ಟಿಯಿಂದ ಆರಿಸಬೇಕು. ಇದು ತಾತ್ಪರ್ಯನಿರ್ಣಯದ ಕೆಲಸವು. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಆರು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿರುವರು: ಉಪಕ್ರಮ ಮತ್ತು ಉಪಸಂಹಾರಗಳ ಐಕ್ಯ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಇವುಗಳನ್ನು ಇಂಗ್ಲೀಷು ಪರಿಚ್ಛೇದಕ್ಕೆ ಅನ್ವಯಿಸಿದರೆ ಆಶ್ಚರ್ಯಕರವಾದ ಪ್ರಯೋಜನವು ಕಾಣುವುದು. ಆರಂಭದ ವಾಕ್ಯವೂ ಕೊನೆಯ ವಾಕ್ಯವೂ ಯಾವ ಒಂದು ವಿಷಯದಲ್ಲಿ ಕೂಡುವುವು ಎಂಬುದು ಉಪಕ್ರಮೋಪಸಂಹಾರಗಳು. ಯಾವ ವಿಷಯವು ಬೇರೆ ಬೇರೆ ಶಬ್ದಗಳಲ್ಲಿ ಮತ್ತೆ ಮತ್ತೆ ಬರುವುದೋ ಅದು ಅಭ್ಯಾಸವು. ಹಿಂದಿನ ಪರಿಚ್ಛೇದದಲ್ಲಿಲ್ಲದ ಯಾವ ಹೊಸ ಸಂಗತಿಯನ್ನು ಇದು ಹೇಳುವುದೋ ಅದು ಅಪೂರ್ವತೆಯು. ಹೇಳಿದುದರಿಂದ ಸಿದ್ಧಿಸುವ ಪರಿಣಾಮವು ಫಲವು. ಕೊಟ್ಟಿರುವ ಯುಕ್ತಿಯು ಉಪಪತ್ತಿಯು. ವಿಷಯವನ್ನು ರುಚಿಗೊಳಿಸಲು ತಂದ ಕಥೆ, ದೃಷ್ಟಾಂತ, ಹೊಗಳಿಕೆಗಳು ಅರ್ಥವಾದವು. ಅವು ಮುಖ್ಯಾರ್ಥಕ್ಕೆ ಸಹಾಯಕಗಳೇ ಹೊರತು ತಾವೇ ಮುಖ್ಯವಲ್ಲ. ಪರೀಕ್ಷಕರು ಬಲೆಯನ್ನು ಒಡ್ಡುವುದು ಈ ಅರ್ಥವಾದದ ಸ್ಥಾನದಲ್ಲಿಯೇ. ಜೇನುಹುಳುವಿನ ದೃಷ್ಟಾಂತದಿಂದ ಸಮೂಹವು ನಿರ್ಣಯ ಮಾಡುವ ಕ್ರಮವನ್ನು ವಿವರಿಸಿದ ಪರಿಚ್ಛೇದಕ್ಕೆ ‘ಜೇನುಹುಳುಗಳ ಜೀವನ’ ಎಂಬ ಶಿರೋನಾಮವು ಪಟ್ಟಿಯಲ್ಲಿ ಸಿದ್ಧವಾಗಿರುವುದು. ಅವಸರದವನು ಅದನ್ನೇ ಆರಿಸುವನು. ತಾತ್ಪರ್ಯವನ್ನು ಹುಡುಕಿದವನು ಅದನ್ನು ದಾಟಿ ಮುಂದಕ್ಕೆ ನೋಡುವನು.

ಮೂರನೆಯ ಜಾತಿಯು ಬಿಟ್ಟ ಸ್ಥಳಗಳನ್ನು ತುಂಬುವುದು. ಇಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರನ್ನು ಸ್ಮರಿಸತಕ್ಕದ್ದು. ಖಾಲಿ ಸ್ಥಳವು ನಾಮಪದವನ್ನು ಬಯಸುವುದೋ, ಗುಣವಾಚಕವನ್ನೋ, ಏಕವಚನವನ್ನೋ, ಬಹುವಚನವನ್ನೋ ಎಂಬುದು ಆಕಾಂಕ್ಷೆಯು. ತುಂಬಿದ ಪದವು ಅರ್ಥಕ್ಕೆ ಒಪ್ಪುವುದೋ ಇಲ್ಲವೋ ಎಂಬುದು ಯೋಗ್ಯತೆಯು. ಗದ್ಯಭಾಗದಲ್ಲಿ ಆ ವಿಷಯವು ಬಂದ ಸ್ಥಳದ ಸಮೀಪದಲ್ಲಿಯೇ ಪದವನ್ನು ಹುಡುಕುವುದು ಸನ್ನಿಧಿಯು. ‘ಎರಡು ಪದಗಳನ್ನು ಮೀರಬಾರದು’ ಎಂಬ ನಿಯಮವಿದ್ದಲ್ಲಿ ಮೂರನ್ನು ಬರೆದರೆ ಅರ್ಥವು ಸರಿಯಾದರೂ ಉತ್ತರವು ತಪ್ಪೇ. ಕಾಗುಣಿತದ ತಪ್ಪಿಗೂ ಕ್ಷಮೆಯಿಲ್ಲ.

ಪದಸಂಪತ್ತನ್ನು ಬೆಳೆಸುವುದಕ್ಕಾಗಿ ಸಾವಿರ ಪದಗಳ ಪಟ್ಟಿಯನ್ನು ಉರು ಹೊಡೆಯುವುದಕ್ಕಿಂತ ಧಾತುವನ್ನು ಹಿಡಿಯುವುದು ಮೇಲು. ‘ಹೃ’ ಎಂಬ ಒಂದೇ ಧಾತುವು ಉಪಸರ್ಗಭೇದದಿಂದ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರಗಳಾಗುವುದನ್ನು ಬಲ್ಲವನಿಗೆ ಇಂಗ್ಲೀಷಿನ ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್ ಎಂಬ ಪದಗಳು ಒಂದೇ ಮನೆಯ ಮಕ್ಕಳೆಂದು ತಿಳಿಯುವುದು ಕಷ್ಟವಲ್ಲ. ಒಯ್ಯುವುದೆಂಬ ಒಂದು ಮೂಲಾರ್ಥವನ್ನು ಅರಿತರೆ ಒಳಕ್ಕೆ, ಹೊರಕ್ಕೆ, ಅತ್ತಣಿಂದಿತ್ತ ಎಂಬ ಉಪಸರ್ಗಗಳು ಉಳಿದುದನ್ನು ಹೇಳಿಕೊಡುವುವು.

ಇನ್ನು ಬರೆಯುವ ಅಂಗವು. ಇದಕ್ಕೂ ೬೦ ನಿಮಿಷಗಳು, ಕೆಲಸಗಳು ಎರಡು. ಮೊದಲನೆಯದರಲ್ಲಿ ರೇಖಾಚಿತ್ರ, ಕೋಷ್ಟಕ, ನಕ್ಷೆ ಮುಂತಾದುದನ್ನು ಕೊಟ್ಟು ಅದನ್ನು ಕನಿಷ್ಠ ೧೫೦ ಪದಗಳಲ್ಲಿ ವರ್ಣಿಸಲು ಹೇಳುವರು. ಎರಡನೆಯದರಲ್ಲಿ ಒಂದು ವಾದಗ್ರಸ್ತ ವಿಷಯವನ್ನು ಕೊಟ್ಟು ಕನಿಷ್ಠ ೨೫೦ ಪದಗಳ ಪ್ರಬಂಧವನ್ನು ಕೇಳುವರು. ಎರಡನೆಯದರ ತೂಕವು ಮೊದಲನೆಯದರ ಇಮ್ಮಡಿಯು. ಆದುದರಿಂದ ಮೊದಲನೆಯದಕ್ಕೆ ೨೦, ಎರಡನೆಯದಕ್ಕೆ ೪೦ ನಿಮಿಷಗಳೆಂದು ವಿಭಾಗಿಸಿಕೊಳ್ಳತಕ್ಕದ್ದು. ಪರೀಕ್ಷಕರು ನಾಲ್ಕು ವಿಷಯಗಳನ್ನು ಸಮಭಾಗವಾಗಿ ತೂಗುವರು: ಕೇಳಿದುದಕ್ಕೆ ಉತ್ತರವಾಯಿತೇ, ವಿಚಾರಗಳು ಒಂದಕ್ಕೊಂದು ಹೊಂದಿಕೊಂಡು ನಡೆದುವೇ, ಪದಪ್ರಯೋಗವು ಯೋಗ್ಯವೇ, ವ್ಯಾಕರಣವು ಶುದ್ಧವೂ ವೈವಿಧ್ಯವುಳ್ಳದೂ ಆಗಿರುವುದೇ ಎಂದು.

ರೇಖಾಚಿತ್ರದ ವರ್ಣನೆಯಲ್ಲಿಯೂ ಹಿಂದೆ ಹೇಳಿದ ಹೂಳಿನ ದೋಷವೇ ಬೇರೊಂದು ವೇಷದಿಂದ ಬರುವುದು. ಒಂದು ಪ್ರಾಂತದ ರಾಗಿಯ ಬೆಳೆಯು ಹತ್ತು ವರ್ಷಗಳಲ್ಲಿ ಏರಿ ಇಳಿದುದನ್ನು ಚಿತ್ರವು ತೋರಿಸುವುದೆಂದು ಭಾವಿಸಬಹುದು. ವಿದ್ಯಾರ್ಥಿಯು ‘ಮಳೆಯು ಬಾರದ ಕಾರಣ ಬೆಳೆಯು ಇಳಿಯಿತು’ ಎಂದು ಬರೆಯುವನು. ಚಿತ್ರದಲ್ಲಿ ಮಳೆಯು ಎಲ್ಲಿರುವುದು? ಏರಿತು, ಇಳಿಯಿತು, ಸಮವಾಗಿ ನಿಂತಿತು, ಇಷ್ಟರಿಂದ ಇಷ್ಟಕ್ಕೆ ಹೋಯಿತು ಎಂಬುದಷ್ಟೇ ಅಲ್ಲಿರುವುದು. ಕಾರಣವನ್ನು ಊಹಿಸುವ ಅಧಿಕಾರವು ಇಲ್ಲಿ ಬರೆಯುವವನಿಗಿಲ್ಲ. ಹಾಗೆಂದು ಪ್ರತಿಯೊಂದು ಅಂಕಿಯನ್ನೂ ಲೆಕ್ಕದ ಪುಸ್ತಕದಂತೆ ಬರೆಯುತ್ತ ಹೋಗುವುದೂ ಸಲ್ಲದು. ಚಿತ್ರವು ಒಟ್ಟಿನಲ್ಲಿ ಏನನ್ನು ತೋರಿಸುವುದೆಂಬ ಸಾರವನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ, ಅನಂತರ ಮುಖ್ಯವಾದ ಏರಿಳಿತಗಳನ್ನು ಹೋಲಿಸಿ, ಅಂಕಿಗಳನ್ನು ಸಾಕ್ಷಿಯಾಗಿ ಮಾತ್ರ ಉಪಯೋಗಿಸತಕ್ಕದ್ದು. ಸಾರವಾಕ್ಯವಿಲ್ಲದ ವರ್ಣನೆಯು ತಲೆಯಿಲ್ಲದ ದೇಹದಂತೆ.

ಪ್ರಬಂಧಕ್ಕೆ ನ್ಯಾಯಶಾಸ್ತ್ರದ ಪಂಚಾವಯವಗಳು ಉತ್ತಮವಾದ ಮಾದರಿಯು. ‘ಎಲ್ಲ ವಿಷಯವೂ ಮೊಬೈಲಿನಲ್ಲಿಯೇ ದೊರೆಯುವುದರಿಂದ ಸಾರ್ವಜನಿಕ ಗ್ರಂಥಾಲಯಗಳಿಗೆ ಸರಕಾರವು ಹಣವನ್ನು ವೆಚ್ಚ ಮಾಡುವುದು ಅನಾವಶ್ಯಕ, ಇದನ್ನು ಎಷ್ಟರಮಟ್ಟಿಗೆ ಒಪ್ಪಬಹುದು?’ ಎಂದು ಪ್ರಶ್ನೆಯಿರಲಿ. ‘ಗ್ರಂಥಾಲಯಗಳು ಈಗಲೂ ಆವಶ್ಯಕವು’ ಎಂಬುದು ಪ್ರತಿಜ್ಞೆ. ‘ಏಕೆಂದರೆ ಬಡ ವಿದ್ಯಾರ್ಥಿಗೆ ಪುಸ್ತಕವು ಮಾತ್ರವಲ್ಲ, ಓದಲು ನಿಶ್ಶಬ್ದವಾದ ಸ್ಥಳವೂ ಬೇಕು’ ಎಂಬುದು ಹೇತು. ‘ಒಂದೇ ಕೋಣೆಯ ಮನೆಯಲ್ಲಿ ಐದು ಮಂದಿಯೊಡನೆ ವಾಸಿಸುವ ಬಾಲಕಿಗೆ ಸಂಜೆಯ ಎರಡು ಗಂಟೆಗಳ ಓದು ಗ್ರಂಥಾಲಯದಲ್ಲಿ ಮಾತ್ರ ಸಾಧ್ಯವು’ ಎಂಬುದು ಉದಾಹರಣೆ. ‘ಇಂತಹ ಮಕ್ಕಳು ನಗರಗಳಲ್ಲಿ ಇರುವುದರಿಂದ, ಮೊಬೈಲು ಪುಸ್ತಕವನ್ನು ಕೊಟ್ಟರೂ ಸ್ಥಳವನ್ನು ಕೊಡಲಾರದು’ ಎಂಬುದು ಉಪನಯ. ‘ಆದುದರಿಂದ ಆ ವೆಚ್ಚವನ್ನು ನಿಲ್ಲಿಸುವುದು ಉಚಿತವಲ್ಲ’ ಎಂಬುದು ನಿಗಮನ. ಐದು ವಾಕ್ಯಗಳಲ್ಲಿ ಒಂದು ಪರಿಚ್ಛೇದವು ಸಿದ್ಧವಾಯಿತು. ಹೆಚ್ಚು ಮಂದಿ ವಿದ್ಯಾರ್ಥಿಗಳು ಪ್ರತಿಜ್ಞೆಯಲ್ಲಿಯೇ ನಿಂತುಬಿಡುವರು. ಗ್ರಂಥಾಲಯಗಳು ಮುಖ್ಯ, ಬಹಳ ಮುಖ್ಯ, ಸಮಾಜಕ್ಕೆ ಮುಖ್ಯ ಎಂದು ಒಂದನ್ನೇ ನಾಲ್ಕು ಸಲ ಹೇಳಿ ೨೫೦ ಪದಗಳನ್ನು ತುಂಬುವರು. ಅದು ವಾದವಲ್ಲ, ಘೋಷಣೆಯು.

ಎರಡು ಪಕ್ಷಗಳನ್ನೂ ಚರ್ಚಿಸಿ ಸ್ವಾಭಿಪ್ರಾಯವನ್ನು ಹೇಳಬೇಕೆಂದು ಅನೇಕ ವೇಳೆ ಕೇಳುವರು. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸಿ, ಬಳಿಕ ಸಿದ್ಧಾಂತವನ್ನು ಸ್ಥಾಪಿಸುವುದು ಶಾಸ್ತ್ರಗ್ರಂಥಗಳ ಮರ್ಯಾದೆಯು. ಅನುಭವಮಂಟಪದ ಸಂಪ್ರದಾಯವೂ ಪ್ರಶ್ನೋತ್ತರದ ಸಂಪ್ರದಾಯವೇ. ಎದುರುಪಕ್ಷವನ್ನು ದುರ್ಬಲಗೊಳಿಸಿ ಹೇಳಿದವನ ಗೆಲುವು ಗೆಲುವಲ್ಲ. ಎರಡು ಪಕ್ಷಗಳನ್ನು ಹೇಳಿ ತನ್ನದನ್ನು ಹೇಳಲು ಮರೆತವನಿಗೂ ಅಂಕವು ಕಡಿಮೆಯಾಗುವುದು; ಏಕೆಂದರೆ ಪ್ರಶ್ನೆಯ ಒಂದು ಭಾಗಕ್ಕೆ ಅವನು ಉತ್ತರವನ್ನೇ ಕೊಡಲಿಲ್ಲ. ೪೦ ನಿಮಿಷಗಳಲ್ಲಿ ಮೊದಲ ಐದನ್ನು ಯೋಚನೆಗೂ ಕೊನೆಯ ಐದನ್ನು ತಿದ್ದುವುದಕ್ಕೂ ಮೀಸಲಿಡತಕ್ಕದ್ದು.

ತಿದ್ದುವಾಗ ಕನ್ನಡಿಗರು ವಿಶೇಷವಾಗಿ ನೋಡಬೇಕಾದ ಕೆಲವು ಸ್ಥಾನಗಳುಂಟು. ಕನ್ನಡದಲ್ಲಿ ಇಂಗ್ಲೀಷಿನ ‘ಎ’, ‘ದಿ’ಗಳಂತಹ ಉಪಪದಗಳಿಲ್ಲ, ಆದುದರಿಂದ ಅವು ಬಿಟ್ಟುಹೋಗುವುವು ಅಥವಾ ಬೇಡದಲ್ಲಿ ಬರುವುವು. ಏಕವಚನದ ಪ್ರಥಮಪುರುಷಕ್ಕೆ ವರ್ತಮಾನದಲ್ಲಿ ಕ್ರಿಯಾಪದದ ತುದಿಗೆ ಬರುವ ಸಕಾರವು ಮರೆತುಹೋಗುವುದು. ‘ಇನ್‌ಫರ್ಮೇಶನ್’, ‘ಅಡ್ವೈಸ್’ ಎಂಬ ಪದಗಳಿಗೆ ಬಹುವಚನವನ್ನು ಹಚ್ಚುವುದು ಸಾಮಾನ್ಯ ದೋಷವು. ‘ತಿಳಿದಿರುತ್ತೇನೆ’ ಎಂಬುದರ ಛಾಯೆಯಿಂದ ‘ಐ ಆಮ್ ನೋಯಿಂಗ್’ ಎಂದು ಬರೆಯುವುದು ಮತ್ತೊಂದು. ಕನ್ನಡದ ವಿಭಕ್ತಿಪ್ರತ್ಯಯಗಳು ಮಾಡುವ ಕೆಲಸವನ್ನು ಇಂಗ್ಲೀಷಿನಲ್ಲಿ ಬಿಡಿಪದಗಳು ಮಾಡುವುದರಿಂದ, ಯಾವ ಕ್ರಿಯೆಯೊಡನೆ ಯಾವುದು ಬರುವುದೆಂಬುದನ್ನು ಜೋಡಿಯಾಗಿಯೇ ಕಲಿಯತಕ್ಕದ್ದು.

ಇಲ್ಲಿ ಕಂಠಪಾಠದ ವಿಚಾರವನ್ನು ಹೇಳದಿದ್ದರೆ ಉಪನ್ಯಾಸವು ಅಪೂರ್ಣವಾಗುವುದು. ಸಿದ್ಧಪ್ರಬಂಧಗಳನ್ನು ಬಾಯಿಪಾಠ ಮಾಡಿಸುವವರು ಪಟ್ಟಣಗಳಲ್ಲಿ ಬಹಳವಾಗಿರುವರು. ‘ಈ ಆಧುನಿಕ ಯುಗದಲ್ಲಿ’ ಎಂದು ಆರಂಭವಾಗುವ ಒಂದೇ ಪೀಠಿಕೆಯನ್ನು ಎಲ್ಲ ವಿಷಯಗಳಿಗೂ ಅಂಟಿಸಲು ಅವರು ಕಲಿಸುವರು. ಪಾಠಶಾಲೆಯೂ ಕಂಠಪಾಠದ ಸ್ಥಾನವಲ್ಲವೇ ಎಂದು ಯಾರಾದರೂ ಕೇಳಬಹುದು. ಅಹುದು, ಆದರೆ ಅಮರಕೋಶವನ್ನು ಕಂಠಪಾಠ ಮಾಡುವುದು ಬೀಜವನ್ನು ಕಣಜದಲ್ಲಿಟ್ಟಂತೆ, ಬೇಕಾದಾಗ ಬೇಕಾದ ಹೊಲಕ್ಕೆ ಅದನ್ನು ಬಿತ್ತಬಹುದು. ಪರರ ಪ್ರಬಂಧವನ್ನು ಕಂಠಪಾಠ ಮಾಡುವುದು ಎರವಲು ತಂದ ಪೈರನ್ನು ಹೊಲದಲ್ಲಿ ನೆಟ್ಟಂತೆ, ಅದಕ್ಕೆ ಬೇರಿಲ್ಲ. ಪರೀಕ್ಷಕರು ಇಂತಹ ಬರಹವನ್ನು ಗುರುತಿಸಲು ಶಿಕ್ಷಣವನ್ನು ಪಡೆದವರು. ಬಾಯಿಪಾಠದ ಬರಹವೆಂದು ಕಂಡುಬಂದರೆ ಶ್ರೇಣಿಯು ಕುಗ್ಗುವುದು. ಪದಗಳನ್ನು, ನುಡಿಗಟ್ಟುಗಳನ್ನು, ವ್ಯಾಕರಣದ ನಿಯಮಗಳನ್ನು ಕಂಠಸ್ಥ ಮಾಡತಕ್ಕದ್ದು. ವಿಚಾರವನ್ನು ಮಾತ್ರ ಸ್ವಂತವಾಗಿ ಮಾಡತಕ್ಕದ್ದು.

ಸಿದ್ಧತೆಗೆ ಮೂರು ತಿಂಗಳ ಕ್ರಮವೊಂದನ್ನು ಇಟ್ಟುಕೊಳ್ಳಬಹುದು. ಮೊದಲ ತಿಂಗಳಲ್ಲಿ ಗಡಿಯಾರವನ್ನು ದೂರವಿಟ್ಟು, ದಿನಕ್ಕೊಂದು ಇಂಗ್ಲೀಷು ಪರಿಚ್ಛೇದವನ್ನು ಅನ್ವಯಪೂರ್ವಕವಾಗಿ ಓದಿ, ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಎರಡು ವಾಕ್ಯಗಳಲ್ಲಿ ಬರೆಯತಕ್ಕದ್ದು. ತಾತ್ಪರ್ಯವನ್ನು ತಾಯಿನುಡಿಯಲ್ಲಿ ಹೇಳಲಾರದವನು ಪರಿಚ್ಛೇದವನ್ನು ತಿಳಿದಿಲ್ಲವೆಂದೇ ಅರ್ಥ. ಇದರೊಡನೆ ಕನ್ನಡದ ಶಾಸ್ತ್ರೀಯ ಗದ್ಯವನ್ನೂ ಓದತಕ್ಕದ್ದು. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯಂತಹ ಗ್ರಂಥವು ವಿಷಯವನ್ನು ವಿಭಾಗಿಸಿ ತಿಳಿಯುವ ಅಭ್ಯಾಸವನ್ನು ಕೊಡುವುದು. ಎರಡನೆಯ ತಿಂಗಳಲ್ಲಿ ಪ್ರಶ್ನೆಯ ಒಂದೊಂದು ಜಾತಿಯನ್ನೂ ಬೇರೆ ಬೇರೆಯಾಗಿ ಅಭ್ಯಾಸ ಮಾಡಿ, ತಪ್ಪಿದುದನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ತಪ್ಪು ಉತ್ತರವನ್ನು ಮಾತ್ರವಲ್ಲ, ತಪ್ಪಿದ ಕಾರಣವನ್ನೂ ಬರೆಯಬೇಕು: ಪದವು ತಿಳಿಯಲಿಲ್ಲವೋ, ಅನ್ವಯವು ತಪ್ಪಿತೋ, ಊಹೆಯು ಸೇರಿತೋ, ಅವಸರವಾಯಿತೋ ಎಂದು. ಹದಿನೈದು ದಿನಗಳಲ್ಲಿ ತನ್ನ ದೋಷವು ಯಾವ ಜಾತಿಯದೆಂಬುದು ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುವುದು. ಮೂರನೆಯ ತಿಂಗಳಲ್ಲಿ ಮಾತ್ರ ಗಡಿಯಾರವನ್ನು ಮುಂದಿಟ್ಟು ಸಂಪೂರ್ಣ ಪರೀಕ್ಷೆಯನ್ನು ಬರೆಯತಕ್ಕದ್ದು. ಮೊದಲೇ ಗಡಿಯಾರವನ್ನಿಟ್ಟವನು ವೇಗವಾಗಿ ತಪ್ಪು ಮಾಡುವುದನ್ನು ಕಲಿಯುವನು. ಬರೆದ ಪ್ರಬಂಧಗಳನ್ನು ಬಲ್ಲವರಿಂದ ತಿದ್ದಿಸಿಕೊಂಡು, ತಿದ್ದಿದುದನ್ನು ಮತ್ತೆ ಶುದ್ಧವಾಗಿ ಬರೆಯತಕ್ಕದ್ದು. ಹತ್ತು ಪ್ರಬಂಧಗಳನ್ನು ಒಂದ್ಸಲ ಬರೆಯುವುದಕ್ಕಿಂತ ಐದನ್ನು ಎರಡು ಸಲ ಬರೆಯುವುದು ಫಲಕಾರಿಯು.

ಪಾಲಕರಿಗೂ ಒಂದು ಮಾತು. ಹಣವನ್ನು ಕೊಟ್ಟರೆ ಪ್ರಶ್ನೆಗಳನ್ನು ಮೊದಲೇ ತಂದುಕೊಡುವೆವೆಂದೂ, ಪರೀಕ್ಷೆಯಿಲ್ಲದೆ ಪ್ರಮಾಣಪತ್ರವನ್ನು ಕೊಡಿಸುವೆವೆಂದೂ ಹೇಳಿಕೊಂಡು ಬರುವವರನ್ನು ಮನೆಯ ಹೊಸ್ತಿಲನ್ನು ದಾಟಿಸಬಾರದು. ಅದರಿಂದ ಹಣವು ಹೋಗುವುದು, ಮಾನವು ಹೋಗುವುದು, ಮಗಳ ಅಥವಾ ಮಗನ ಮುಂದಿನ ದಾರಿಯೂ ಮುಚ್ಚಿಹೋಗುವುದು. ಒಂದು ವೇಳೆ ಹಾಗೆ ಪಡೆದ ಪತ್ರದಿಂದ ಪರದೇಶವನ್ನು ಸೇರಿದರೂ, ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತಾಗ ಆ ಪತ್ರವು ಓದಿಕೊಡುವುದಿಲ್ಲ. ಕಾಯಕವು ಶುದ್ಧವಾಗಬೇಕಾದರೆ ಅದರ ಪ್ರವೇಶದ್ವಾರವೂ ಶುದ್ಧವಾಗಿರಬೇಕು. ಮಕ್ಕಳು ಒಂದು ಸಲ ತಪ್ಪಿದರೆ ಅವರನ್ನು ಹಳಿಯಲೂಬಾರದು. ಪರೀಕ್ಷೆಯು ಅಳೆಯುವುದು ಒಂದು ದಿನದ ಒಂದು ಭಾಷೆಯ ಪಾಟವವನ್ನು. ಅದು ಮನುಷ್ಯನನ್ನು ಅಳೆಯಲಾರದು.

ಹೇಳಿದುದನ್ನು ಮಾತ್ರ ತಿಳಿಯುವವನು ಒಳ್ಳೆಯ ಶ್ರೋತೃವಾಗುವನು. ಕೇಳಿದುದಕ್ಕೆ ಮಾತ್ರ ಹೇಳುವವನು ಮಿತಭಾಷಿಯಾಗುವನು. ಈ ಎರಡು ಗುಣಗಳು ಪರೀಕ್ಷೆಯ ದಿನಕ್ಕೆ ಮುಗಿಯತಕ್ಕವಲ್ಲ. ಮತ್ತೊಬ್ಬರ ಮಾತಿಗೆ ಇಲ್ಲದ ಅರ್ಥವನ್ನು ಕಟ್ಟಿ ಕಲಹ ಮಾಡುವ ಮನೆಗಳಲ್ಲಿ, ಕೇಳದ ಪ್ರಶ್ನೆಗೆ ಗಂಟೆಗಟ್ಟಲೆ ಉತ್ತರ ಹೇಳುವ ಸಭೆಗಳಲ್ಲಿ ಇವುಗಳ ಆವಶ್ಯಕತೆಯು ಎಷ್ಟೆಂಬುದನ್ನು ಎಲ್ಲರೂ ಬಲ್ಲರು. ಪ್ರಸಾದನಿಲಯದಲ್ಲಿ ಬೆಳೆದ ಮಕ್ಕಳು ಇಂತಹ ಬಾಗಿಲುಗಳನ್ನು ಸ್ವಂತ ಬಲದಿಂದ ದಾಟಿ, ಎಲ್ಲಿ ನಿಂತರೂ ಕಾಯಕವನ್ನು ಮರೆಯದೆ, ಹಿಂದೆ ಬರುವ ಬಾಲಕ ಬಾಲಕಿಯರಿಗೆ ಕೈಗೊಟ್ಟು ನಡೆಸುವಂತಾಗಲಿ. ಶ್ರೀ ಗುರುಕೃಪೆಯು ಸರ್ವರ ಮೇಲೆಯೂ ಇರಲಿ.

ಇತಿ ಶಿವಂ.